ಕಡ್ಡಿ ಇದ್ದ ಜಾಗದಲ್ಲಿ ಡಬ್ಬಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ. ಚೀಲ ಹೊತ್ತು ನನ್ನನ್ನು ಹಾವೇರಿಯಲ್ಲಿ ಬಿ.ಎಸ್‌ಸಿ. ಓದಿಸಿದ. ತೊಂಬತ್ತರ ದಶಕದ ಕೊನೆಗೆ ರಾಣೆಬೆನ್ನೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುವ ಕೆಲಸ ಖಾಲಿ ಇತ್ತು. ಮಾಲೀಕರು ಒಂದೇ ಷರತ್ತು ಹಾಕಿದರು.

"ಒಂದು ಪಾಠ ಮಾಡಿ ತೋರಸ್ರಿ. ಹುಡುಗರಿಗೆ ತಿಳೀತಂದ್ರ ಕೆಲಸ ನಿಮ್ದು. ಪಾಯಿಂಟರ್ ಹೇಳ್ರಿ. ಹಿಂದಿನ ಮಾಸ್ತರು ಅಲ್ಲೇ ಮುಗ್ಗರಿಸಿದ್ರು."

ಪಾಯಿಂಟರ್ ಅಂದರೆ ಸರಕಲ್ಲ, ಸರಕು ಇರುವ ಜಾಗದ ನಂಬರು. ಅಪ್ಪ ದುಡಿಯುತ್ತಿದ್ದ ದಲಾಲಿ ಅಂಗಡಿಯ ಮುಂದೆ ನೆಲದ ಮೇಲೆ ಸುಣ್ಣದಲ್ಲಿ ನಂಬರು ಬರೆದಿರುತ್ತಿದ್ದರು; ಒಂದೊಂದು ನಂಬರಿಗೆ ಒಬ್ಬೊಬ್ಬ ರೈತನ ಕಾಯಿ. ಕೊಳ್ಳುವವನು ರಾಶಿ ನೋಡಿ ಚೀಟಿಯಲ್ಲಿ ನಂಬರು ಬರೆದುಕೊಂಡು ಹೋಗುತ್ತಿದ್ದ. ಪಾಠ ಅಲ್ಲಿಂದಲೇ ಎತ್ತಿಕೊಂಡೆ.

ಹುಡುಗರ ಎದುರಿಗೇ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದೆ. ಕಂಪ್ಯೂಟರಿನ ಮೆಮರಿಯಲ್ಲಿ ಒಂದು ಜಾಗ ಕೇಳಿ ಪಡೆದು ಅದರಲ್ಲಿ 'ಕಡ್ಡಿ' ಇಟ್ಟೆ. ನಮ್ಮಲ್ಲಿ ಉದ್ದನೆಯ ಕಾಯಿಗೆ ಕಡ್ಡಿ, ದಪ್ಪನೆಯದಕ್ಕೆ ಡಬ್ಬಿ ಅನ್ನುತ್ತಾರೆ. ಆಮೇಲೆ ಆ ಜಾಗ ಬಿಟ್ಟುಕೊಟ್ಟು, ಇನ್ನೊಂದು ಜಾಗ ಕೇಳಿ 'ಡಬ್ಬಿ' ಇಟ್ಟೆ.

"ಈಗ ಹಳೇ ನಂಬರಿನ್ಯಾಗ ಏನೂ ಇರಂಗಿಲ್ಲ, ನೋಡ್ರಿ" ಎಂದು ಕೀಲಿ ಒತ್ತಿದೆ.

ಪರದೆಯ ಮೇಲೆ ಡಬ್ಬಿ ಬಂತು.

"ಸರ, ಕಡ್ಡಿ ಎಲ್ಲಿ ಹೋತ್ರಿ?" ಒಬ್ಬ ಕೇಳಿದ.

"ದಲಾಲಿ ನುಂಗ್ಯಾನಲೇ!" ಹಿಂದಿನ ಬೆಂಚಿನಿಂದ ಮತ್ತೊಬ್ಬ.

ಎಲ್ಲರೂ ನಕ್ಕರು. ಮಾಲೀಕರು ನಗಲಿಲ್ಲ, ಕೈ ಕಟ್ಟಿಕೊಂಡು ಕೂತಿದ್ದರು. ಕೆಲಸ ಹೋಯಿತು ಅಂದುಕೊಂಡೆ.

ತಪ್ಪಿದ್ದು ಕಂಪ್ಯೂಟರ್ ಅಲ್ಲ. ನಮ್ಮ ಪೇಟೆಯಲ್ಲಿ ರಾಶಿ ಎತ್ತಿದ ಜಾಗ ಮುಂದಿನ ಪೇಟೆಯ ದಿನದವರೆಗೆ ಖಾಲಿಯೇ ಬಿದ್ದಿರುತ್ತದೆ. ಇಲ್ಲೂ ಹಾಗೇ ಅಂದುಕೊಂಡಿದ್ದೆ. ಇದು ಬಿಟ್ಟ ಕ್ಷಣಕ್ಕೇ ಅದೇ ಜಾಗವನ್ನು ಡಬ್ಬಿಗೆ ಕೊಟ್ಟಿತ್ತು. ನಾನೋ ಹಳೆಯ ಚೀಟಿ ಹಿಡಿದು ನಿಂತಿದ್ದೆ. ಯಾರ ಕಾಯಿ ಅಂತ ಕಂಪ್ಯೂಟರ್ ಕೇಳಲಿಲ್ಲ. ಹೇಳಿದ ಜಾಗಕ್ಕೆ ಹೋಯಿತು, ಇದ್ದದ್ದನ್ನು ತಂದಿತು. ಆಡಿಕೊಳ್ಳುವ ಹುಡುಗರ ಎದುರು ನಿಂತು ನಾನು ಬೆರಗಾಗಿ ಆ ಪರದೆಯನ್ನೇ ನೋಡುತ್ತಿದ್ದೆ.

ನಡೆದದ್ದನ್ನು ನಡೆದ ಹಾಗೆ ಹೇಳಿಬಿಟ್ಟೆ. ಹೇಳುತ್ತಾ ಹೇಳುತ್ತಾ ಮಾತು ಓಡಿತು.

"ಪಾಸ್ಕಲ್ ಭಾಷಾದಾಗ ಚೀಟಿ ನಂಬರಿಗೆ ಒಂದು ಕೂಡಿಸಿ ಪಕ್ಕದ ರಾಶಿಗೆ ಹೋಗಾಕ ಬಿಡಂಗಿಲ್ಲ. ಸಿ ಬಿಡತೈತಿ. ಒಂದು ಕೂಡಿಸಿದ್ರ ಒಂದು ಇಡೀ ರಾಶಿ ದಾಟತೀರಿ, ಸಣ್ಣದಿರ್ಲಿ, ದೊಡ್ಡದಿರ್ಲಿ. ಜಾವಾ ಅಂತ ಹೊಸಾ ಭಾಷಾ ಬಂದೈತಿ. ಅದರಾಗ ನಂಬರು ನಿಮ್ಮ ಕಣ್ಣಿಗೇ ಬೀಳಂಗಿಲ್ಲ. ನಿಮ್ಮ ಕೈಯಾಗ ಚೀಟಿ ಇರೂತನಕ ಆ ಜಾಗ ಬ್ಯಾರೆಯವ್ರಿಗೆ ಕೊಡಂಗಿಲ್ಲ."

"ಹಂಗಾರ ಸಿ ಯಾಕ ಕಲೀಬೇಕ್ರಿ?"

"ಅದು ನಿನ್ನ ಪೂರಾ ನಂಬತೈತೋ ತಮ್ಮಾ. ನೀ ತಪ್ಪಿದ್ರೂ ನಂಬತೈತಿ."

ಈ ಸಲ ಯಾರೂ ನಗಲಿಲ್ಲ. ಮಾಲೀಕರು ಎದ್ದು ಬಂದರು. "ನಾಳಿಂದ ಬರ್ರಿ. ಇವರಿಗೆ ತಿಳೀತೋ ಇಲ್ಲೋ, ನನಗಂತೂ ತಿಳೀತು."

ಬ್ಯಾಡಗಿಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ: "ಕುಂತು ಮಾಡೂ ಕೆಲಸೇನು?"

"ಇಲ್ಲಪಾ, ನಿಂತು ಮಾತಾಡೂದು."

"ಬೆನ್ನಮ್ಯಾಲ ಏನೂ ಇಲ್ಲದಂಗ?" ಅಂದ ಅಪ್ಪ, ನಂಬಲಾಗದವನಂತೆ ನನ್ನನ್ನೇ ನೋಡಿದ.