ಬಾಟಲಿ ಗಲಬರಿಸಿದ ತಪ್ಪು

ನಮ್ಮ ಲ್ಯಾಬಿನ ಸಂಖ್ಯೆಗಳು ಮಾತ್ರ ಬೇರೆ ಬಂದಿವೆ ಎಂದು ತಿಳಿದಾಗ ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಉಳಿದ ಏಳು ಲ್ಯಾಬಿನವರು ಯಾಕೆ ತಪ್ಪಿರಬಾರದು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಭಯ ಆಮೇಲೆ, ಕಾರು ಹತ್ತಿ ಪಿಕರಿಂಗ್ ಊರಿನ ನಮ್ಮ ಮನೆಗೆ ಹೊರಟಾಗ ಬಂತು.

ಇದು ತೊಂಬತ್ತರ ದಶಕದ ಕೊನೆಯಲ್ಲಿ ಕೆನಡಾದಲ್ಲಿ ನಡೆದ ಮಾತು. ಯೂನಿಯನ್‌ವಿಲ್ ಹತ್ತಿರದ ಒಂದು ಚಿಕ್ಕ ಲ್ಯಾಬಿನಲ್ಲಿ ನಾನು ಆರು ತಿಂಗಳ ಕಾಂಟ್ರ್ಯಾಕ್ಟಿನ ಮೇಲೆ ಕೆಮಿಸ್ಟ್ ಆಗಿದ್ದೆ. ಬಾವಿ, ಸರೋವರ, ನಲ್ಲಿ ಎಲ್ಲ ಕಡೆಯ ನೀರೂ ಪರೀಕ್ಷೆಗೆ ನಮ್ಮಲ್ಲಿಗೆ ಬರುತ್ತಿತ್ತು. ಅದಕ್ಕೆ ಮುಂಚೆ ಎರಡು ವರ್ಷ ಬೋಲ್ಟನ್ನಿನ ಒಂದು ವೇರ್‌ಹೌಸಿನಲ್ಲಿ ನಿಂತುಕೊಂಡು ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸಿದ್ದೆ. ಮೈಸೂರಿನ ಕಾಲೇಜಿನಲ್ಲಿ ಒಂಬತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವಳಿಗೆ ಇಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಒಂದೇ, ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಇದೆಯಾ ಅಂತ. ಲೇಬಲ್ ಅಂಟಿಸಿದ್ದು ಆ ಪೈಕಿ ಬರುತ್ತಿರಲಿಲ್ಲ. ಈ ಕೆಲಸ ಹೋದರೆ ಮತ್ತೆ ಬೋಲ್ಟನ್ನೇ ಗತಿ. ಕಾಂಟ್ರ್ಯಾಕ್ಟ್ ಮುಗಿಯಲು ಮೂರು ವಾರ ಉಳಿದಿತ್ತು.

ಬೇಸಿಗೆಯಲ್ಲಿ ಇಲ್ಲಿನ ಸರೋವರಗಳ ಅಂಚಿನಲ್ಲಿ ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ ಕಟ್ಟುತ್ತದೆ. ಅದರಲ್ಲಿ ಕೆಲವು ಜಾತಿಯವು ನೀರಿಗೆ ವಿಷ ಬಿಡುತ್ತವೆ. ಆ ನೀರು ಕುಡಿದರೆ ಲಿವರಿಗೆ ಪೆಟ್ಟು. ವಿಷ ಎಷ್ಟಿದೆ ಎಂದು ಅಳೆಯಲು ಹೊಸದೊಂದು ವಿಧಾನ ಬಂದಿತ್ತು. ಯಾರು ಮಾಡಿದರೂ ಅದರಿಂದ ಒಂದೇ ಉತ್ತರ ಬರುತ್ತದೆಯೇ ಎಂದು ನೋಡಲು ಎಂಟು ಲ್ಯಾಬುಗಳು ಸೇರಿದ್ದವು. ಪೂರ್ವ ತೀರದ ಒಬ್ಬ ವಿಜ್ಞಾನಿ ಹೆಂಗಸು ಇದನ್ನು ನಡೆಸುತ್ತಿದ್ದರು. ಬರೀ ಗುರುತಿನ ಅಂಕಿ ಬರೆದ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಎಲ್ಲರಿಗೂ ನೀರು ಕಳಿಸಿದ್ದರು. ಯಾವುದರಲ್ಲಿ ಎಷ್ಟು ವಿಷ ಬೆರೆಸಿದೆ ಎಂಬುದು ಅವರೊಬ್ಬರಿಗೇ ಗೊತ್ತು.

ಕೆಲಸ ಅಂಥ ಕಷ್ಟದ್ದೇನಲ್ಲ. ಬಾಟಲಿಯ ನೀರನ್ನು ಬಿಳಿ ಪುಡಿ ತುಂಬಿದ ಸಣ್ಣ ಕೊಳವೆಯ ಮೂಲಕ ಇಳಿಸಬೇಕು. ವಿಷ ಪುಡಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಅದೇ ಕೊಳವೆಗೆ ಒಂದಿಷ್ಟು ಮೆಥನಾಲ್ ಹಾಕಿದರೆ ವಿಷ ಕರಗಿ ಕೆಳಗಿಳಿಯುತ್ತದೆ. ಅದನ್ನು ಮೆಷಿನ್ನಿಗೆ ಕೊಟ್ಟರೆ ಸಂಖ್ಯೆ ಬರುತ್ತದೆ. ನಿಯಮ ಮಾತ್ರ ಕಟ್ಟುನಿಟ್ಟು. ಬರೆದು ಕೊಟ್ಟಿದ್ದನ್ನು ಬರೆದ ಹಾಗೇ ಮಾಡಬೇಕು, ಯಾರೂ ತಮ್ಮ ಜಾಣತನ ತೋರಿಸಕೂಡದು.

ನಾನು ಹಾಗೇ ಮಾಡಿದ್ದೆ ಎಂದು ನಂಬಿದ್ದೆ. ಆದರೆ ನಮ್ಮ ಸಂಖ್ಯೆಗಳು ಎಲ್ಲರಿಗಿಂತ ಜಾಸ್ತಿ ಬಂದಿದ್ದವು, ಅದೂ ಒಂದೆರಡು ಬಾಟಲಿಯದಲ್ಲ, ಎಲ್ಲ ಬಾಟಲಿಯದೂ. ಇಡೀ ವಾರ ತಕ್ಕಡಿ ನೋಡಿದೆ, ಮೆಷಿನ್ ನೋಡಿದೆ, ನನ್ನ ನೋಟ್‌ಬುಕ್ಕನ್ನು ಪರೀಕ್ಷೆಗೆ ಓದುವವಳ ಹಾಗೆ ಓದಿದೆ. ಏನೂ ಸಿಗಲಿಲ್ಲ. ನಮ್ಮ ಬಾಸ್ ಅರವತ್ತರ ಹತ್ತಿರದ ಉದ್ದನೆಯ ಮನುಷ್ಯ. ಮಾತು ಕಡಿಮೆ, ಮುಖ ನೋಡಿ ಏನೂ ಊಹಿಸುವ ಹಾಗಿಲ್ಲ. ಶುಕ್ರವಾರ ಅವರು ಬಂದು, ಫ್ರೀಜರಿನಲ್ಲಿ ಇನ್ನೊಂದು ಸೆಟ್ ಇದೆಯಲ್ಲ, ಸೋಮವಾರ ಅದನ್ನು ಮಾಡು ಎಂದಷ್ಟೇ ಹೇಳಿ ಹೋದರು.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಹುಳಿ ಮಾಡಿದ್ದೆ. ಅದನ್ನು ಡಬರಿಗೆ ಬಗ್ಗಿಸಿಕೊಂಡು, ಖಾಲಿ ಪಾತ್ರೆಗೆ ಒಂದು ಸೌಟು ಬಿಸಿನೀರು ಹಾಕಿ, ಗಲಬರಿಸಿ, ಅದನ್ನೂ ಡಬರಿಗೇ ಸುರಿದೆ. ನಮ್ಮಮ್ಮ ಮಾಡುತ್ತಿದ್ದದ್ದೂ ಹಾಗೆಯೇ. ಅಂಚಿಗೆ ಹುಳಿ ಮೆತ್ತಿಕೊಂಡ ಪಾತ್ರೆಯನ್ನು ನಮ್ಮ ಮನೆಯಲ್ಲಿ ಯಾರೂ ತೊಳೆಯಲು ಹಾಕುವುದಿಲ್ಲ. ಪಾತ್ರೆ ಹಿಡಿದುಕೊಂಡು ನಾನು ಹಾಗೇ ನಿಂತುಬಿಟ್ಟೆ. ಲ್ಯಾಬಿನಲ್ಲೂ ನಾನು ಮೆಥನಾಲನ್ನು ನೇರವಾಗಿ ಕೊಳವೆಗೆ ಹಾಕಿರಲಿಲ್ಲ. ಮೊದಲು ಖಾಲಿ ಬಾಟಲಿಗೆ ಹಾಕಿ, ಗಲಬರಿಸಿ, ಆಮೇಲೆ ಕೊಳವೆಗೆ ಬಗ್ಗಿಸಿದ್ದೆ. ಒಂದೊಂದು ಬಾಟಲಿಗೂ ಹಾಗೇ ಮಾಡಿದ್ದೆ. ನೋಟ್‌ಬುಕ್ಕಿನಲ್ಲಿ ಆ ಮಾತೇ ಇಲ್ಲ, ಯಾಕೆಂದರೆ ಅದು ನಾನು ಮಾಡಿದ ಕೆಲಸ ಎಂದೇ ನನಗೆ ಅನಿಸಿರಲಿಲ್ಲ.

"ಯಾಕೆ, ಉಪ್ಪು ಜಾಸ್ತಿ ಆಯ್ತಾ?" ಎಂದರು ನನ್ನ ಗಂಡ.

"ಇಲ್ಲ ರೀ. ಲ್ಯಾಬಲ್ಲೂ ಹೀಗೇ ಮಾಡ್ಬಿಟ್ಟಿದೀನಿ."

ವಿಷಯ ಕೇಳಿ ಮೊದಲು ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು. ಸಾಫ್ಟ್‌ವೇರಿನವರು, ದಾರಿ ತಕ್ಷಣ ಹೊಳೆಯಿತು. "ಹೆಂಗೂ ನಾಳೆ ರಿಪೀಟ್ ಮಾಡ್ತೀಯಲ್ಲ, ಪ್ರೊಸೀಜರಲ್ಲಿ ಇರೋ ಹಾಗೇ ಮಾಡು. ನಂಬರ್ ಎಲ್ಲರ ಥರಾನೇ ಬರತ್ತೆ. ಮುಗೀತು."

"ಹಳೇದಕ್ಕೆ ಏನು ಹೇಳ್ಲಿ?"

"ಏನೋ ಮಿಸ್ಟೇಕ್ ಆಗಿತ್ತು ಅನ್ನು. ಕಾಂಟ್ರ್ಯಾಕ್ಟ್ ರಿನ್ಯೂ ಆಗೋವರೆಗೂ ಸುಮ್ನಿದ್ಬಿಡು."

ತಪ್ಪು ಮಾತೇನಲ್ಲ. ಆ ದಿನವೆಲ್ಲ ನಾನೂ ಅದನ್ನೇ ಲೆಕ್ಕ ಹಾಕಿದೆ. ಆದರೆ ವಿಷ ನಿಜವಾಗಿಯೂ ಬಾಟಲಿಯ ಗೋಡೆಗೆ ಅಂಟಿಕೊಂಡಿದ್ದರೆ, ಏಳು ಲ್ಯಾಬುಗಳೂ ಅದನ್ನು ಅಳೆಯದೆ ಬಿಡುತ್ತಿವೆ. ನಾಳೆ ಇದೇ ವಿಧಾನದಿಂದ ಯಾವುದೋ ಊರಿನ ನೀರನ್ನು ಕುಡಿಯಬಹುದು ಎಂದು ಬರೆದುಕೊಡುತ್ತಾರೆ. ಇದು ದೊಡ್ಡ ಕಾರಣ. ನಿಜ ಹೇಳಬೇಕೆಂದರೆ ಸಣ್ಣ ಕಾರಣವೂ ಒಂದಿತ್ತು. ಏನೋ ಮಿಸ್ಟೇಕ್ ಆಗಿತ್ತು ಎಂದು ಅನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ತಪ್ಪು ಮಾಡಿದ್ದರೆ ಯಾವ ತಪ್ಪು ಎಂದು ಗೊತ್ತಿರುವ ತಪ್ಪೇ ಆಗಲಿ ಎನ್ನುವ ಹಟ. ನನ್ನ ವಿದ್ಯಾರ್ಥಿನಿಯರು ಈ ಹಟಕ್ಕೆ ಬೆನ್ನ ಹಿಂದೆ ಬೇರೆ ಹೆಸರಿಟ್ಟಿದ್ದರು.

ಸೋಮವಾರ ಬೆಳಿಗ್ಗೆ ಕೋಟು ಬಿಚ್ಚುವ ಮೊದಲೇ ಬಾಸ್ ಮುಂದೆ ನಿಂತು ಎಲ್ಲ ಹೇಳಿದೆ.

"ಎಲ್ಲ ಬಾಟಲಿಗೂ ಮಾಡಿದೆಯಾ?"

"ಎಲ್ಲಕ್ಕೂ."

"ನೋಟ್‌ಬುಕ್ಕಿನಲ್ಲಿ ಇದೆಯಾ?"

"ಇಲ್ಲ."

ಅವರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು. ಹಾಗಾದರೆ ನಮ್ಮ ಸಂಖ್ಯೆಗಳನ್ನು ವಾಪಸ್ ತೆಗೆದುಕೊಳ್ಳಬೇಕು ಎಂದರು. ಪೂರ್ವ ತೀರಕ್ಕೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟು, ನೀನೇ ಹೇಳು ಎಂದು ಕೈ ತೋರಿಸಿದರು. ನನ್ನ ಇಂಗ್ಲಿಷ್ ಅಂಥ ಹೊತ್ತಿನಲ್ಲೇ ಕೈಕೊಡುತ್ತದೆ. ತಡವರಿಸಿಕೊಂಡು ಹೇಳಿ ಮುಗಿಸಿದೆ. ಆಮೇಲೆ ಆ ಹೆಂಗಸು ಕೇಳಿದ್ದು ಒಂದೇ ಪ್ರಶ್ನೆ, ಖಾಲಿ ಬಾಟಲಿಗಳನ್ನು ಎಸೆದುಬಿಟ್ಟಿರಾ ಅಂತ. ಇಲ್ಲ ಎಂದೆ. ವರದಿ ಮುಗಿಯುವವರೆಗೆ ಎಲ್ಲರೂ ಅವನ್ನು ಇಟ್ಟುಕೊಂಡಿರಬೇಕು ಎಂಬುದು ನಿಯಮದಲ್ಲೇ ಇತ್ತು. ಸರಿ, ಉಳಿದವರಿಗೆ ತಮ್ಮ ಬಾಟಲಿಗಳನ್ನು ಗಲಬರಿಸಿ ನೋಡಲು ಹೇಳುತ್ತೇನೆ ಎಂದು ಇಟ್ಟರು.

ಬಾಸ್ ಹೇಳಿದಂತೆ ಫ್ರೀಜರಿನ ಸೆಟ್ಟಿನಲ್ಲಿ ಅರ್ಧ ಬಾಟಲಿಗಳನ್ನು ಗಲಬರಿಸಿ, ಅರ್ಧ ಗಲಬರಿಸದೆ ಮಾಡಿದೆ. ಈ ಸಲ ಗ್ಲೋವ್ಸ್ ಬದಲಾಯಿಸಿದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಗಲಬರಿಸಿದವು ಜಾಸ್ತಿ ಬಂದವು, ಗಲಬರಿಸದವು ಉಳಿದ ಏಳು ಲ್ಯಾಬಿನವರ ಹಾಗೆ ಬಂದವು.

ಗುರುವಾರ ಫೋನ್ ಬಂತು. ಏಳೂ ಲ್ಯಾಬಿನ ಖಾಲಿ ಬಾಟಲಿಗಳಲ್ಲಿ ವಿಷ ಸಿಕ್ಕಿತ್ತು, ಅದೂ ಕಡಿಮೆಯೇನಲ್ಲ. ನಮ್ಮ ಹಳೆಯ ಸಂಖ್ಯೆಗಳನ್ನು ಮಾತ್ರ ಸೇರಿಸಿಕೊಳ್ಳಲು ಬರುವುದಿಲ್ಲ ಎಂದರು ಆ ಹೆಂಗಸು, ನಿಯಮ ಮುರಿದದ್ದು ಮುರಿದದ್ದೇ. ವಿಧಾನದಲ್ಲಿ ಬಾಟಲಿ ಗಲಬರಿಸುವ ಒಂದು ಸಾಲು ಸೇರಿಸಿ ಎಂಟೂ ಲ್ಯಾಬುಗಳಿಗೆ ಮತ್ತೆ ನೀರು ಕಳಿಸುತ್ತೇನೆ ಎಂದರು. ನನಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಅವರು ಹೊಗಳಲಿಲ್ಲ, ಬೈಯಲೂ ಇಲ್ಲ. ಅಷ್ಟು ಸಾಕಾಗಿತ್ತು.

ಫೋನಿಟ್ಟ ಮೇಲೆ ನಾನೇ ಬಾಯಿ ಬಿಟ್ಟು ಕೇಳಿದೆ, ಹಾಗಾದರೆ ನನ್ನ ಕಾಂಟ್ರ್ಯಾಕ್ಟ್? ಬಾಸ್ ನನ್ನನ್ನು ವಿಚಿತ್ರವಾಗಿ ನೋಡಿದರು. ಅದಕ್ಕೆ ಹೋದ ಶುಕ್ರವಾರವೇ ಸಹಿ ಹಾಕಿ ಮೇಲಕ್ಕೆ ಕಳಿಸಿದೆನಲ್ಲ, ನಿನಗೆ ಹೇಳಲಿಲ್ಲವೇ ಎಂದರು.

ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಗಂಡ ಲೆಕ್ಕ ಹಾಕಿದರು.

"ಅಂದ್ರೆ ನೀನು ಸುಮ್ನಿದ್ದಿದ್ರೂ ಕೆಲಸ ಉಳೀತಿತ್ತು."

"ಉಳೀತಿತ್ತು ರೀ," ಎಂದೆ. "ಆದ್ರೆ ಯಾರಾದ್ರೂ ಒಂದು ಲೋಟ ನೀರು ಕೊಟ್ರೆ ನಾನು ಹೇಗೆ ಕುಡೀತಿದ್ದೆ?"

ನನಗೆ ಅಷ್ಟು ಹೊತ್ತಿಗೆ ಅಳು ಬಂದಿತ್ತು. ಅದು ದುಃಖದ ಅಳುವಲ್ಲ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಇನ್ನೂ ಜೋರಾಗಿ ಅತ್ತೆ.