ಕೂಡ್ರಿ ಅನ್ನುವ ಊರಲ್ಲಿ ನಡೆದದ್ದು

ಕಾಲು ಉಳುಕಬಹುದು. ಬೂಟಿನ ಅಟ್ಟೆ ಕಿತ್ತು ಬರಬಹುದು. ನಾಯಿಗಳು ಅಟ್ಟಿಸಿಕೊಂಡು ಬರಬಹುದು; ಹೆದರಿ ಓಡಿದರೆ ಅದು ನಡಿಗೆಯಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು. ಕಬ್ಬಿನ ಲಾರಿ ಮೈ ಸವರಿಕೊಂಡು ಹೋಗಬಹುದು. ರಕ್ತದ ಸಕ್ಕರೆ ಇಳಿದು ತೊಗರಿ ಹೊಲದ ಬದುವಿನಲ್ಲಿ ಬಿದ್ದಿರುವಾಗ, ಮೈಸೂರು ಕಡೆಯವನೊಬ್ಬ ಕುಡಿದು ಮಲಗಿದ್ದಾನೆ ಎಂದು ಜನ ಸುಮ್ಮನೆ ಮುಂದೆ ಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಔರಾದಿನಿಂದ ಸುಮಾರು ನಲವತ್ತು ಕಿಲೋಮೀಟರು ನಡೆಯಲು ಹೊರಟ ನಾನು ಬೀದರ್ ಮುಟ್ಟದೇ ಇರಬಹುದು.

ಇಷ್ಟನ್ನೂ ಹೊರಡುವ ಮೊದಲೇ ಯೋಚಿಸಿಟ್ಟಿದ್ದೆ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಔಷಧಿ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವುದು ನನ್ನ ಕೆಲಸ. ಏನೇನು ಕೆಡಬಹುದು ಎಂದು ಯೋಚಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಪಾಳಿ ಮುಗಿದ ಮೇಲೂ ನಾನು ಅದನ್ನು ಪುಕ್ಕಟೆಯಾಗಿ ಮುಂದುವರಿಸುತ್ತೇನೆ. ಚಿಂತೆಗೆ ಇಲ್ಲಿಯವರು ಫಿಕರ್ ಅನ್ನುತ್ತಾರೆ. ಬಂದ ಹೊಸತರಲ್ಲೇ ನನ್ನ ಹೆಸರು ಹೋಗಿ ‘ಫಿಕರ್ ಸರ್’ ಆಯಿತು.

ಮೈಸೂರಿನಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ ಮೊದಲ ದಿನದ ಪೆಟ್ಟನ್ನು ಹೇಳಬೇಕು. ಬೀದರಿನ ಅಂಚಿನ ನೌಬಾದದಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆ. ಮನೆಯ ಯಜಮಾನರು ಧನರಾಜ್, ನಿವೃತ್ತ ಹೆಡ್‌ಮಾಸ್ತರು. ಬಾಗಿಲಲ್ಲೇ ಕೈ ಚಾಚಿ, “ಕೂಡ್ರಿ, ಕೂಡ್ರಿ” ಅಂದರು. ನಮ್ಮ ಕಡೆ ಕೂಡುವುದೆಂದರೆ ಲೆಕ್ಕ ತಾನೆ? ಬಾಡಿಗೆಗೆ ಮುಂಗಡವನ್ನು ಕೂಡಿ ಹೇಳು ಅನ್ನುತ್ತಿದ್ದಾರೇನೋ ಎಂದು ನಿಂತಲ್ಲೇ ಲೆಕ್ಕ ಹಾಕತೊಡಗಿದೆ. ಅವರು ಸ್ವಲ್ಪ ಹೊತ್ತು ನೋಡಿ, “ಯಾಕ್ರಿ, ಕಾಲಿಗಿ ಏನರ ಆಗ್ಯಾದೇನು?” ಅಂದರು. ಕನ್ನಡ ನಾಡಿನಲ್ಲೇ ಇದ್ದೇನೆ, ಕೂತ್ಕೊಳ್ಳಿ ಅಂದದ್ದು ನನಗೆ ತಿಳಿದಿಲ್ಲ.

ಹೆಂಡತಿ ವೀಣಾ ಮೈಸೂರಿನಲ್ಲಿ ಶಾಲೆಯ ಕೆಲಸ ಬಿಟ್ಟು ಬರುವಂತಿರಲಿಲ್ಲ. ಒಬ್ಬನೇ ಇದ್ದೆ. ಮೊದಲ ವಾರ ಧನರಾಜರ ಮನೆಯಿಂದ ಸಂಜೆ ಹೊತ್ತು ಪಟಪಟ ಹೊಡೆತದ ಸದ್ದು ಕೇಳಿ, ಒಳ್ಳೆಯ ಜನವೆಂದುಕೊಂಡಿದ್ದೆನಲ್ಲ ಎಂದು ನೊಂದೆ. ಜಗಳ ಬಿಡಿಸಲು ಹೋದವನಿಗೆ ಬಿಸಿ ಜೋಳದ ರೊಟ್ಟಿ ಸಿಕ್ಕಿತು. ಬಡಿಯುತ್ತಿದ್ದುದು ರೊಟ್ಟಿಯನ್ನು. ಅಲ್ಲಿ ರಾಗಿ ಮುದ್ದೆಯನ್ನು ನುಂಗುತ್ತಿದ್ದವನು ಇಲ್ಲಿ ಅಗಿಯುವುದನ್ನು ಕಲಿತೆ. ಚಾ ಮಾತ್ರ ಕಲಿಯುವ ಅಗತ್ಯವೇ ಬೀಳಲಿಲ್ಲ. ಹೋದಲ್ಲೆಲ್ಲ ಅದೇ ಬರುತ್ತಿತ್ತು, ಪಾಕದಷ್ಟು ಸಿಹಿಯಾಗಿ. ಎರಡು ವರ್ಷ ಕಳೆಯುವುದರೊಳಗೆ ಡಾಕ್ಟರು ನನ್ನ ಸಕ್ಕರೆ ಗಡಿಯಲ್ಲಿದೆ ಅಂದರು. ಬೀದರ್ ಕೂಡ ಗಡಿಯಲ್ಲೇ ಇದೆಯಲ್ಲ ಅಂದೆ. ಅವರು ನಗಲಿಲ್ಲ. ದಿನಾ ನಡೀರಿ ಅಂದರು.

ಧನರಾಜರ ಅಕ್ಕ ರುಕ್ಮಿಣಿಬಾಯಿ ಔರಾದಿನ ದಾರಿಯಲ್ಲಿರುವ ಸಂತಪುರದವರು. ಮೂತ್ರಪಿಂಡ ಕೆಟ್ಟು, ವಾರಕ್ಕೆ ಹಲವು ಸಲ ಡಯಾಲಿಸಿಸ್‌ಗೆಂದು ಬಸ್ಸಿನಲ್ಲಿ ಬೀದರಿಗೆ ಬರುತ್ತಿದ್ದರು. ಮುಗಿದ ಮೇಲೆ ತಮ್ಮನ ಮನೆಯ ಕಟ್ಟೆಯ ಮೇಲೆ ಸ್ವಲ್ಪ ಒರಗಿ, ನನ್ನನ್ನು ಚೇಷ್ಟೆ ಮಾಡಿ, ಮತ್ತೆ ಬಸ್ಸು ಹಿಡಿಯುವುದು. ಒಂದು ದಿನ ಚೇಷ್ಟೆ ಮಾಡಲಿಲ್ಲ.

“ಇನ್ನ ನಾ ಬರಂಗಿಲ್ಲ” ಅಂದರು.

“ಯಾಕಕ್ಕಾ?” ಧನರಾಜರು ಕೇಳಿದರು.

“ಸೂಜಿಗಿ ಅಂಜಂಗಿಲ್ಲಪ್ಪ. ಹೊಳ್ಳಿ ಹೋಗೋ ಬಸ್ಸಿಗಿ ಅಂಜ್ತೇನಿ. ತಲಿ ಗರಗರ ಅಂತದ, ನಿಂತು ಹೋಗ್ಬೇಕು. ಬಸ್ಸಿನಾಗ ಬೀಳೋದಕಿಂತ ಮನ್ಯಾಗ ಬೀಳ್ತೇನಿ.”

ಬರದಿದ್ದರೆ ಏನಾಗುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು. ಧನರಾಜರು ನೀರು ತರುವ ನೆಪದಲ್ಲಿ ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಅವರ ಹಳೆಯ ವಿದ್ಯಾರ್ಥಿಗಳು ಆ ದಾರಿಯ ರೋಗಿಗಳಿಗಾಗಿ ಒಂದು ವ್ಯಾನನ್ನು ಹೊಂದಿಸಿದ್ದರು. ಡ್ರೈವರಿಗೂ ಡೀಸೆಲ್ಲಿಗೂ ಹಣವಿರಲಿಲ್ಲ. ಅವರಲ್ಲೊಬ್ಬ ಭಾಲ್ಕಿಯ ಬಾಲಾಜಿ, ನನ್ನ ಜೊತೆ ಕೆಲಸ ಮಾಡುವವನು.

“ಸುಮ್ನ ಕೇಳಿದ್ರ ಯಾರ್ ಕೊಡ್ತಾರ್ರಿ?” ಅಂದ. “ಡಾಕ್ಟರ್ ನಿಮಗ ನಡೀ ಅಂದಾರಲ್ಲ, ಔರಾದಿನಿಂದ ನಡೀರಿ. ಫಿಕರ್ ಸರ್ ನಡೀತಾರಂದ್ರ ಮಜಾ ನೋಡ್ಲಿಕ್ಕರ ರೊಕ್ಕ ಬರ್ತದ.”

“ಅರ್ಧಕ್ಕೆ ನಿಂತ್ರೆ?”

“ಅದಕ್ಕೇ ಶರತ್ತು ಹಾಕೇನಿ. ಪೂರಾ ನಡದ್ರ ರೊಕ್ಕ. ಗಾಡಿ ಏರಿದ್ರ ಇಲ್ಲ.”

ನಿದ್ದೆ ಹೋಯಿತು. ಆದರೆ ಚಳಿಗಾಲ ಬರುವವರೆಗೆ ದಿನಾ ನಡೆದು ಕಾಲನ್ನು ಪಳಗಿಸಿದೆ. ಕಾಲಿನ ಮಟ್ಟಿಗೆ ನನಗೆ ಜೀವನದಲ್ಲಿ ಮೊದಲ ಬಾರಿ ಧೈರ್ಯ ಬಂದಿತ್ತು. ರುಕ್ಮಿಣಿಬಾಯಿ ಅಷ್ಟೂ ತಿಂಗಳು ತಮ್ಮನ ಒತ್ತಾಯಕ್ಕೆ, ಪ್ರತಿ ಸಲವೂ ಇದೇ ಕೊನೆಯದು ಅನ್ನುತ್ತ, ಬಂದು ಹೋಗುತ್ತಿದ್ದರು.

ಬೆಳಗಿನ ಚಳಿಯಲ್ಲಿ ಔರಾದಿನಿಂದ ಹೊರಟೆ. ಎರಡೂ ಕಡೆ ಕಪ್ಪು ನೆಲ, ಹಸಿರು ಕಡಲೆ, ಒಣಗುತ್ತ ನಿಂತ ತೊಗರಿ. ನಾಯಿಗಳು ಬಿಸಿಲಿಗೆ ಮೈಯೊಡ್ಡಿ ಮಲಗಿದ್ದವು, ನನ್ನತ್ತ ತಲೆ ಎತ್ತಲೂ ಇಲ್ಲ. ಊರು ದಾಟುವ ಮೊದಲೇ ಒಂದು ಬೈಕು ನಿಂತಿತು.

“ಕೂಡ್ರಿ ಸರ್.”

“ಇಲ್ಲ, ನಾನು ನಡೀತಾ ಇದ್ದೀನಿ.”

“ಅದು ಕಾಣ್ತದಲ್ರಿ. ಅದಕ್ಕೇ ಕೂಡ್ರಿ ಅಂದೆ.”

ನಾಯಿಗೆ, ಲಾರಿಗೆ, ಸಕ್ಕರೆಗೆ ಸಿದ್ಧನಾಗಿದ್ದೆ. ಜನರ ಒಳ್ಳೆಯತನಕ್ಕೆ ಸಿದ್ಧನಾಗಿರಲಿಲ್ಲ. ಮೈಸೂರಿನಲ್ಲಿ ನನ್ನ ವಯಸ್ಸಿನವನು ಬೆವರು ಸುರಿಸಿಕೊಂಡು ನಡೆದರೆ ಆರೋಗ್ಯವಂತ ಅನ್ನುತ್ತಾರೆ. ಇಲ್ಲಿ ಬಸ್ಸು ತಪ್ಪಿದ ಪಾಪದವನು ಅನ್ನುತ್ತಾರೆ. ಟ್ರ್ಯಾಕ್ಟರ್ ನಿಂತಿತು, ಟೆಂಪೋ ನಿಂತಿತು, ಹಾಲಿನ ಕ್ಯಾನು ಕಟ್ಟಿದ್ದ ಮೊಪೆಡ್ಡೂ ನಿಂತಿತು. ಬೇಡ ಅಂದರೆ ಮುಖ ಸಣ್ಣದಾಗುತ್ತಿತ್ತು. ಹಾಗಾಗಿ ಪ್ರತಿಯೊಬ್ಬರಿಗೂ ಕಾರಣ ಹೇಳಬೇಕಾಯಿತು. ಕಾರಣ ಹೇಳಿದರೆ ವ್ಯಾನಿನ ಮಾತು ಬರುತ್ತಿತ್ತು. ಮೊಪೆಡ್ಡಿನವನು ಇಳಿದೇಬಿಟ್ಟ. “ನಮ್ ಕಾಕಿನೂ ಅದೇ ಬಸ್ಸಿಗಿ ಹೋಗ್ತಾಳ್ರಿ” ಅಂದು ಜೇಬಿಗೆ ಕೈ ಹಾಕಿದ. ನಾನು ನಡೆಯುವಾಗ ತಾನು ಹತ್ತಿ ಹೋಗಲು ನಾಚಿಕೆಯಾಗಿ, ತನ್ನ ಊರಿನ ತಿರುವಿನ ತನಕ ಮೊಪೆಡ್ಡನ್ನು ತಳ್ಳಿಕೊಂಡೇ ಬಂದ.

ಸಂಜೆ ಸಂತಪುರ ಮುಟ್ಟಿದೆ. ತಂಗಿದ್ದು ರುಕ್ಮಿಣಿಬಾಯಿಯವರ ಮನೆಯಲ್ಲೇ. ಮರುದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಅವರ ಸರದಿಯಿತ್ತು. ಈ ಸಲ ಅವ್ವ ಒಪ್ಪುತ್ತಲೇ ಇಲ್ಲ ಎಂದು ಅವರ ಮಗ ಬಾಗಿಲಲ್ಲೇ ಪಿಸುಗುಟ್ಟಿದ.

“ಯಾರ್ ಗಾಡಿ ಮ್ಯಾಲ ಬಂದಿ, ತಮ್ಮಾ?” ಅವರು ಮಲಗಿದಲ್ಲಿಂದಲೇ ಕೇಳಿದರು.

“ನಡ್ಕೊಂಡು ಬಂದೆ, ಅಕ್ಕ.”

“ಸುಳ್ಳ ಹೇಳ್ತಿ.”

ಮೊಣಕಾಲಿನ ತನಕ ಧೂಳು ಹತ್ತಿದ್ದ ಪ್ಯಾಂಟನ್ನು ತೋರಿಸಿದೆ. ತಲೆದಿಂಬಿನಿಂದ ತಲೆ ಎತ್ತಿ ನೋಡಿದರು.

“ನಾಳೆ ಬೀದರ್ ತನಕ ಹೀಗೇ ಬರ್ತೀನಿ. ನೀವೂ ಬನ್ನಿ, ಅಕ್ಕ.”

“ನನ್ನ ಯಾಕ ನಿನ್ನ ಕಾಲಿಗಿ ಕಟ್ಕೊಳ್ತಿ?” ಮಗ್ಗುಲಾಗಿ ನನ್ನ ಕಡೆ ತಿರುಗಿದರು. “ನೀ ನಡುವ ಗಾಡಿ ಏರಿದ್ದು ಕಂಡ್ರ ನಾ ಅಲ್ಲೇ ಬಸ್ ಇಳದು ಹೊಳ್ಳಿ ಬರ್ತೇನಿ. ನೋಡು ಮತ್ತ.”

ಬರುತ್ತೇನೆ ಎಂದು ಅವರು ಹೇಳಿದ್ದು ಹೀಗೆ.

ಮರುದಿನ ನಸುಕಿನಲ್ಲೇ ಹೊರಟೆ; ಬಿಸಿಲೇರುವ ಹೊತ್ತಿಗೆ ಕಾಲಿನ ಮೀನಖಂಡ ಕಲ್ಲಾಗಿತ್ತು. ಬೀದರ್ ಇನ್ನೇನು ಬಂತು ಅನ್ನುವಷ್ಟರಲ್ಲಿ ನಮ್ಮ ಕಾರ್ಖಾನೆಯ ವಾಚ್‌ಮನ್ ಬೈಕು ನಿಲ್ಲಿಸಿದ. “ಕೂಡ್ರಿ ಸರ್. ಊರ್ ಮುಂದ ಇಳದು ನಡೀರಂತ. ಯಾರ್ ನೋಡ್ತಾರ?”

ಕೂತೆ ಅನ್ನಲಾರೆ. ಸೀಟಿನ ಮೇಲೆ ಕೈ ಇಟ್ಟಿದ್ದೆ. ಅದು ಎಷ್ಟು ಮೆತ್ತಗಿತ್ತು ಎಂಬುದು ಅಂಗೈಗೆ ಈಗಲೂ ನೆನಪಿದೆ.

ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿಸಿತು. ನಿಧಾನವಾದ ಬಸ್ಸಿನ ಕಿಟಕಿಯಿಂದ ಹಸಿರು ಸೆರಗು, ಅದರ ಹಿಂದೆ ರುಕ್ಮಿಣಿಬಾಯಿಯವರ ಮುಖ.

“ತಮ್ಮಾ, ಕೂಡಬ್ಯಾಡ.”

ಅವರ ಹಿಂದಿನ ಕಿಟಕಿಯಲ್ಲಿದ್ದವರೂ, “ಕೂಡಬ್ಯಾಡ್ರಿ ಸರ್, ಕೂಡಬ್ಯಾಡ್ರಿ” ಅಂದರು. ಬಸ್ಸಿಗೆಲ್ಲ ಕಥೆ ಗೊತ್ತಾಗಿತ್ತು. ಕಾದ ಹಂಚಿನಿಂದ ತೆಗೆದಂತೆ ಕೈ ತೆಗೆದೆ. ಬಸ್ಸು ಮುಂದೆ ಹೋದಾಗ ಒಂದು ವಿಷಯ ಗಮನಿಸಿದೆ: ಅವರು ಕೂತಿದ್ದರು; ಯಾರೋ ಎದ್ದು ಜಾಗ ಬಿಟ್ಟುಕೊಟ್ಟಿದ್ದರು.

ನಾನು ನೌಬಾದ ಮುಟ್ಟಿದಾಗ ಅವರು ಆಸ್ಪತ್ರೆಯ ಹಾಸಿಗೆಯ ಮೇಲಿದ್ದರು. ಹಣವೂ ಕೂಡಿತು, ಇದು ನಮ್ಮ ಮೈಸೂರಿನ ಕೂಡುವುದು. ವ್ಯಾನು ಈಗ ಓಡುತ್ತಿದೆ. ರುಕ್ಮಿಣಿಬಾಯಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿ, ಡ್ರೈವರ್ ಹಾಕುವ ಹಾಡುಗಳಿಗೆ ಬಯ್ಯುತ್ತ ಊರಿಗೆ ಹೋಗುತ್ತಾರೆ.

ನಾನು ಯೋಚಿಸಿಟ್ಟಿದ್ದರಲ್ಲಿ ಒಂದೂ ಆಗಲಿಲ್ಲ. ಯೋಚಿಸದೇ ಇದ್ದ ಒಂದು ಮಾತ್ರ ಎಡವಟ್ಟಾಯಿತು. ನಾನು ಮುಟ್ಟುವುದನ್ನು ನೋಡಲೆಂದು ವೀಣಾ ಅದೇ ದಿನ ರೈಲಿನಲ್ಲಿ ಬಂದಿದ್ದಳು. ರಾಗಿ ಹಿಟ್ಟಿನ ಚೀಲ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದಳು. ಆಯಾಸದಲ್ಲಿ ಬೀಗ ತೆಗೆದೆ, ಕುರ್ಚಿ ಎಳೆದೆ, ಕೈ ಚಾಚಿದೆ.

“ಬರ್ರಿ, ಕೂಡ್ರಿ” ಅಂದೆ.

ವೀಣಾ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

“ಯಾರಿಗ್ರೀ ಹೇಳ್ತಿರೋದು?” ಅಂದಳು, ನಿಂತೇ.