ಕತ್ತಲ ಖೋಲಿಯಲ್ಲಿ ಕಾಕಾನ ದನಿ

ಕೊಪ್ಪಳದ ಆ ಸ್ಟುಡಿಯೋದಲ್ಲಿ ಫೋಟೋ ತೊಳೆಯುವುದನ್ನು ಕಲಿಯಲು ಭಾನುವಾರಕ್ಕೊಮ್ಮೆ ಮೂವರು ಸೇರುತ್ತಿದ್ದೆವು: ಒಬ್ಬ ಸಾಲಿ ಮಾಸ್ತರು, ಒಬ್ಬ ಟೇಲರಣ್ಣ, ಮತ್ತು ಕಾಲೇಜಿನಲ್ಲಿ ಓದುವುದಕ್ಕಿಂತ ಕಲಿಸುವವರ ದನಿ ತೆಗೆದು ಅಣಕಿಸುವುದರಲ್ಲೇ ಹೆಸರು ಮಾಡಿದ್ದ ನಾನು. ಸ್ಟುಡಿಯೋ ಮಾಲಕರು ಎಲ್ಲರಿಗೂ ಕಾಕಾ.

ಪ್ರಿಂಟ್ ಹಾಕುವಾಗ ಕೆಂಪು ದೀಪ ಇರುತ್ತಿತ್ತು. ರೋಲ್ ತೊಳೆಯುವಾಗ ಅದೂ ಇಲ್ಲ; ಬೆಳಕು ಬಿದ್ದರೆ ರೋಲು ಸುಟ್ಟಂತೆಯೇ. ರೋಲಿನ ಎರಡೂ ತುದಿ ಹಿಡಿದು ಔಷಧದ ನೀರಿನಲ್ಲಿ ಮೇಲೆ ಕೆಳಗೆ ಆಡಿಸಬೇಕು. ಒಳಗೆ ಗಡಿಯಾರ ಕಾಣುವುದಿಲ್ಲವಲ್ಲ, ಹಾಗಾಗಿ ಕಾಕಾ ಬಾಗಿಲಾಚೆ ಕೂತು ಹೊತ್ತು ನೋಡಿ, ಲೈಟ್ ಹಾಕಲು ಕೂಗುತ್ತಿದ್ದರು.

ಆ ಭಾನುವಾರ ಟೇಲರಣ್ಣನ ಮೊದಲ ರೋಲು. ಅದರಲ್ಲಿ ಅವನ ಅವ್ವ. ಕನಕಗಿರಿಯ ಆ ಮುದುಕಿ ಜನ್ಮದಲ್ಲಿ ಫೋಟೋಕ್ಕೆ ಕೂತವಳಲ್ಲ. "ಗ್ವಾಡಿ ಮ್ಯಾಲೆ ಫೋಟೋ ಆದವ್ರು ಒಬ್ಬರಾದ್ರೂ ಬದುಕ್ಯಾರೇನು?" ಎನ್ನುವುದು ಅವಳ ವಾದ. ವರ್ಷಗಟ್ಟಲೆ ಕಾಡಿದ ಮೇಲೆ, ಹುಲಿಗೆಮ್ಮನ ದರ್ಶನಕ್ಕೆ ಬಂದಾಗ ಮಗನಿಗಾಗಿ ಒಪ್ಪಿದ್ದಳು. ಮರುದಿನ ಮಧ್ಯಾಹ್ನ ಊರಿಗೆ ಹೊರಡುವವಳು.

ಟೇಲರಣ್ಣ ಕತ್ತಲಲ್ಲಿ ರೋಲು ಆಡಿಸುತ್ತಿದ್ದ. ಮಾಸ್ತರು ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದರು. ಕೆಲಸವಿಲ್ಲದವನು ನಾನೊಬ್ಬನೇ. ಬಾಯಲ್ಲಿ ತಂಬಾಕು ಇಟ್ಟುಕೊಂಡ ಕಾಕಾನಂತೆ ಗಂಟಲು ಕೆರೆದು, "ಹ್ಞಂ... ಆತ್ರಪಾ, ಲೈಟ್ ಹಾಕ್ರಿ" ಎಂದೆ.

ಇಪ್ಪತ್ತು ವರ್ಷ ಸರ್ಕಾರಿ ನೌಕರಿ ಮಾಡಿದ ಬೆರಳು, ಅಪ್ಪಣೆ ಕೇಳಿದ್ದೇ ತಡ, ಒತ್ತಿಬಿಟ್ಟಿತು.

ಬೆಳಕಲ್ಲಿ ಟೇಲರಣ್ಣ ರೋಲು ಹಿಡಿದು ನಿಂತಿದ್ದ. ನೋಡುನೋಡುತ್ತಲೇ ಅದು ಪೂರ್ತಿ ಕಪ್ಪಾಯಿತು.

"ಯಾರಲೇ ಅದು, ಲೈಟ್ ಹಾಕಿದಾವ?" ಹೊರಗಿನಿಂದ ನಿಜವಾದ ಕಾಕಾ.

"ನೀವ ಅಂದ್ರೆಲ್ರೀ!" ಎಂದರು ಮಾಸ್ತರು. ಕಾಕಾ ಬಾಗಿಲು ತೆಗೆದು ಒಳಬಂದ ಮೇಲೆ ಮೂವರೂ ನನ್ನ ಕಡೆ ನೋಡಿದರು.

ಮರುದಿನ ಬೆಳಿಗ್ಗೆ ನಾಲ್ವರೂ ಟೇಲರಣ್ಣನ ಮನೆಗೆ ಹೋದೆವು. ಅವ್ವ ಗಂಟು ಕಟ್ಟುತ್ತಿದ್ದಳು. ಫೋಟೋ ಸುಟ್ಟಿತು, ಇನ್ನೊಮ್ಮೆ ಕೂಡು ಎಂದ ಟೇಲರಣ್ಣ.

"ಛಲೋ ಆತು ಬಿಡು. ನನ್ನ ಆಯುಷ್ಯ ಇನ್ನಾ ಐತಿ ಅಂತ ಹುಲಿಗೆಮ್ಮ ತಾನ ಸುಟ್ಟಾಳ."

"ಆಕಿ ಅಲ್ಲಬೇ, ನಾ ಸುಟ್ಟೀನಿ" ಎಂದು ನಡೆದದ್ದನ್ನೆಲ್ಲ ಹೇಳಿದೆ. ಟೇಲರಣ್ಣ ನನ್ನ ಮುಖ ನೋಡಲಿಲ್ಲ.

ಮುದುಕಿ ಮಗನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಹಂಗಾರ ಕೂಡ್ತೀನಿ. ಆದ್ರ ಈ ಬಾಡ್ಯಾ ನನ್ನ ಬಾಜೂಕ ಕೂಡಬೇಕು. ಆಯುಷ್ಯ ಕಮ್ಮಿ ಆದ್ರ ಇಬ್ಬರದೂ ಆಗಲಿ."

ಅವಳ ಆ ಗ್ವಾಡಿ ಫೋಟೋದ ಮಾತನ್ನು ಅವಳದೇ ದನಿ ತೆಗೆದು ಆಡಿ ಊರೆಲ್ಲ ನಗಿಸಿದವನು ನಾನು. ಅಂಗಳದ ಬಿಸಿಲಲ್ಲಿ ಅವಳ ಪಕ್ಕ ಕೂತು, ಟೇಲರಣ್ಣ ಕ್ಯಾಮರಾ ಎತ್ತಿದಾಗ ಮಾತ್ರ ಹಲ್ಲು ಕಚ್ಚಿ ಹುಲಿಗೆಮ್ಮನನ್ನು ನೆನೆದೆ.

ಈ ಸಲ ಕತ್ತಲಲ್ಲಿ ನನ್ನ ಬಾಯಿಗೆ ಕಾಕಾನ ಟವೆಲ್ ಬಿಗಿದಿದ್ದರು. ಕೆಂಪು ಬೆಳಕಿನಲ್ಲಿ, ಟ್ರೇ ನೀರಿನೊಳಗಿನ ಬಿಳಿ ಕಾಗದದ ಮೇಲೆ ಮೊದಲು ಅವ್ವನ ಕುಂಕುಮ ಮೂಡಿತು, ಆಮೇಲೆ ಕಣ್ಣು, ಆಮೇಲೆ ನಗು. ಟೇಲರಣ್ಣ "ಅವ್ವಾ" ಎಂದ, ಮೆಲ್ಲಗೆ. ಮಾಸ್ತರು ಕನ್ನಡಕ ಒರೆಸಿಕೊಂಡರು.

ಹಸಿ ಫೋಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದೆವು. ಮುದುಕಿ ಕಿಟಕಿಯಿಂದ ಕೈಚಾಚಿ ಇಸಿದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ನಾ ಛಲೋ ಬಂದೀನಿ. ಬಾಜೂಕ ಕುಂತಾವಗ ಏನ್ ಜಡ್ಡೋ ಯಪ್ಪಾ, ದವಾಖಾನಿಗೆ ತೋರಸ್ರಿ."